ಏಳು ದಿನಗಳ ಅಜ್ಞಾತವಾಸ

(ಬಾನುಲಿ ಭಾಷಣ)

ಪಾಂಡವರ ಹನ್ನೆರಡು ವರ್ಷದ ವನವಾಸ ದೊಡ್ಡ ಕಥೆ. ಆದರೆ ಕೇಳುವವರ ಕುತೂಹಲವನ್ನು ಹೆಚ್ಚು ಕೆರಳಿಸುವುದು ಕೊನೆಯ ಒಂದು ವರ್ಷದ ಅಜ್ಞಾತವಾಸ. ದುರ್ಯೋಧನನ ಚಾರರು ನದೀತೀರ, ಗಿರಿಗುಹೆ, ಋಷ್ಯಾಶ್ರಮಗಳನ್ನೆಲ್ಲ ಅರಸಿ ಬರಿಗೈಯಲ್ಲಿ ಹಿಂದಿರುಗಿದರು. ಅವರು ಅರಸದೆ ಬಿಟ್ಟದ್ದು ವಿರಾಟನ ಅಡುಗೆಮನೆಯನ್ನು, ನಾಟ್ಯಶಾಲೆಯನ್ನು, ಕುದುರೆಯ ಲಾಯವನ್ನು. ಹುಡುಕುವವನು ತಾನು ನಿರೀಕ್ಷಿಸಿದ ಕಡೆಯಲ್ಲಷ್ಟೇ ಹುಡುಕುತ್ತಾನೆ. ಅಡಗುವವನಿಗೆ ಅಷ್ಟು ಸಾಕು.

ಇಂದು ನಾನು ನಿಮ್ಮ ಮುಂದಿಡಬಯಸುವುದೂ ಒಂದು ಅಜ್ಞಾತವಾಸದ ಕಥೆಯನ್ನೇ. ಇಲ್ಲಿ ಅಡಗಿದವರು ಅರಸುಮಕ್ಕಳಲ್ಲ. ಬರಿಗಣ್ಣಿಗೆ ಕಾಣದ ಒಂದು ಪರೋಪಜೀವಿ. ಅದು ಅಡಗುವುದು ಮನುಷ್ಯನ ಮೈಯೊಳಗೆ, ಏಳೆಂಟು ದಿನಗಳ ಕಾಲ. ಆ ಏಳೆಂಟು ದಿನ ಅದು ಎಲ್ಲಿರುತ್ತದೆಂಬುದನ್ನು ತಿಳಿಯಲು ವಿಜ್ಞಾನಕ್ಕೆ ಐವತ್ತು ವರ್ಷ ಬೇಕಾಯಿತು. ಆ ಐವತ್ತರಲ್ಲಿ ನಲವತ್ತೈದು ವರ್ಷಗಳು ಕಳೆದದ್ದು, ದೊಡ್ಡ ವಿಜ್ಞಾನಿಯೊಬ್ಬರು ‘ನಾನು ಕಣ್ಣಾರೆ ಕಂಡೆ’ ಎಂದು ಹೇಳಿದ ಒಂದು ಮಾತಿನ ನೆರಳಿನಲ್ಲಿ.

ನಾನು ಹೇಳುತ್ತಿರುವುದು ಮಲೇರಿಯಾದ ವಿಷಯ. ಮಲೆನಾಡಿನ ಹಳೆಯ ಮನೆತನಗಳ ನೆನಪಿನಲ್ಲಿ ಚಳಿಜ್ವರವೆಂಬ ಹೆಸರು ಇನ್ನೂ ಉಳಿದಿದೆ. ದಿನ ಬಿಟ್ಟು ದಿನ ಗಡಗಡ ನಡುಗಿಸುವ ಚಳಿ, ಅದರ ಬೆನ್ನಿಗೆ ಸುಡುವ ಜ್ವರ, ಆಮೇಲೆ ಮೈಯೆಲ್ಲ ನೀರಾಗುವ ಬೆವರು. ಮಕ್ಕಳ ಹೊಟ್ಟೆಯಲ್ಲಿ ಗುಲ್ಮ ಊದಿ ಗಟ್ಟಿಯಾಗುತ್ತಿತ್ತು. ಜನ ಅದನ್ನು ಜ್ವರಗಡ್ಡೆ ಎಂದರು. ಊರುಗಳು ಹಾಳುಬಿದ್ದವು, ಗದ್ದೆಗಳು ಬೀಳುಬಿದ್ದವು. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು.

ಸೊಳ್ಳೆ ಕಚ್ಚಿದ ಮರುದಿನವೇ ಜ್ವರ ಬರುವುದಿಲ್ಲ. ಹತ್ತು ಹನ್ನೆರಡು ದಿನ ಕಳೆಯಬೇಕು. ಅಷ್ಟು ದಿನ ಮನುಷ್ಯ ಉಣ್ಣುತ್ತಾನೆ, ಉಳುತ್ತಾನೆ, ನಿದ್ರಿಸುತ್ತಾನೆ. ಆ ಅವಧಿಯ ಬಹುಪಾಲು ಅವನ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಷ್ಟು ನೋಡಿದರೂ ಅಲ್ಲಿ ಏನೂ ಇರುವುದಿಲ್ಲ. ಹಾಗಾದರೆ ಸೊಳ್ಳೆ ಒಳಗೆ ಬಿಟ್ಟದ್ದು ಎಲ್ಲಿ ಹೋಯಿತು?

ಈ ಪ್ರಶ್ನೆ ಹುಟ್ಟುವುದಕ್ಕೂ ಮೊದಲು ಬೇರೆ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕಾಗಿತ್ತು. ಜ್ವರಕ್ಕೆ ಕಾರಣವೇನು ಎಂಬುದು ಮೊದಲನೆಯದು. ಕೆಟ್ಟ ಗಾಳಿ ಎಂದು ಯುರೋಪು ಬಹುಕಾಲ ನಂಬಿತ್ತು. ಮಲೇರಿಯಾ ಎಂಬ ಇಟಲಿಯ ಮಾತಿನ ಅರ್ಥವೇ ಅದು. 1880ರ ನವೆಂಬರಿನಲ್ಲಿ, ಅಲ್ಜೀರಿಯದ ಕಾನ್‌ಸ್ಟಂಟೀನ್ ಎಂಬ ಊರಿನ ಸೈನಿಕ ಆಸ್ಪತ್ರೆಯಲ್ಲಿದ್ದ ಫ್ರೆಂಚ್ ವೈದ್ಯ ಅಲ್ಫೋನ್ಸ್ ಲಾವೆರಾನ್, ರೋಗಿಯೊಬ್ಬನ ರಕ್ತದಲ್ಲಿ ಚಾವಟಿಯಂತಹ ಎಳೆಗಳನ್ನು ಬೀಸುತ್ತಿದ್ದ ಸಜೀವ ಕಣವೊಂದನ್ನು ಕಂಡರು. ಜ್ವರ ಗಾಳಿಯಿಂದ ಬರುವುದಲ್ಲ, ರಕ್ತದ ಕೆಂಪು ಕಣಗಳ ಒಳಹೊಕ್ಕು ಅವುಗಳನ್ನು ತಿಂದು ಬೆಳೆಯುವ ಒಂದು ಜೀವಿಯಿಂದ ಬರುವುದು ಎಂದು ಅಲ್ಲಿಂದ ತಿಳಿಯಿತು.

ಆ ಜೀವಿ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುವುದು ಹೇಗೆ ಎಂಬುದು ಎರಡನೆಯದು. ಇದಕ್ಕೆ ಉತ್ತರ ಹೊರಟದ್ದು ನಮ್ಮ ನೆರೆಯಿಂದಲೇ. ಅಲ್ಮೋರಾದಲ್ಲಿ ಹುಟ್ಟಿದ ರೊನಾಲ್ಡ್ ರಾಸ್ ಭಾರತೀಯ ವೈದ್ಯಕೀಯ ಸೇವೆಯ ಅಧಿಕಾರಿ. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದಾಗ ಸರ್ಕಾರ ಅವರನ್ನು ಇಲ್ಲಿಗೆ ಕಳುಹಿಸಿತ್ತು. ಚರಂಡಿ, ಬಾವಿಗಳ ನೈರ್ಮಲ್ಯದ ಕೆಲಸದ ನಡುವೆಯೂ ಅವರ ಮನಸ್ಸು ಸೊಳ್ಳೆಯ ಮೇಲೆಯೇ ಇತ್ತು. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ, ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಹಣ ಪಡೆದು, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಸೊಳ್ಳೆಗಳಿಗೆ ತಮ್ಮ ರಕ್ತ ಕುಡಿಸಿದರು. ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲೊಂದನ್ನು ಸೀಳಿದಾಗ ಅದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯ ಗುರುತಾದ ಕಪ್ಪು ಬಣ್ಣದ ಕಾಳುಗಳಿದ್ದ ಕೋಶಗಳು ರಾಸ್ ಅವರಿಗೆ ಕಂಡವು. ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾವನ್ನು ಹಿಡಿದು, ಆ ಕೋಶಗಳು ಒಡೆದು ಹೊರಬಂದ ಕದಿರಿನಾಕಾರದ ಸಣ್ಣ ಜೀವಿಗಳು ಸೊಳ್ಳೆಯ ಜೊಲ್ಲುಗ್ರಂಥಿಯಲ್ಲಿ ಸೇರಿಕೊಳ್ಳುವುದನ್ನು ತೋರಿಸಿದರು. ಅದೇ 1898ರಲ್ಲಿ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಅವರ ಸಂಗಡಿಗರು, ಮನುಷ್ಯನ ಮಲೇರಿಯಾವನ್ನು ಒಯ್ಯುವುದು ಅನಾಫಿಲಿಸ್ ಸೊಳ್ಳೆ ಎಂದು ಸ್ಥಾಪಿಸಿದರು.

ಹೀಗೆ ಸೊಳ್ಳೆಯ ಮೈಯೊಳಗಿನ ವನವಾಸದ ಕಥೆ ತಿಳಿಯಿತು. ರಕ್ತದೊಳಗಿನ ಬಹಿರಂಗ ಯುದ್ಧದ ಕಥೆಯೂ ತಿಳಿಯಿತು. ಜೊಲ್ಲಿನೊಡನೆ ಚರ್ಮಕ್ಕೆ ಇಳಿಯುವ ಆ ಕದಿರಿನಾಕಾರದ ಜೀವಿಯನ್ನು ವಿಜ್ಞಾನಿಗಳು ಸ್ಪೋರೋಜೋಯಿಟ್ ಎನ್ನುತ್ತಾರೆ. ನಾವು ಬೀಜಾಣು ಎನ್ನೋಣ. ಬೀಜಾಣು ಚರ್ಮಕ್ಕೆ ಇಳಿದ ಕ್ಷಣಕ್ಕೂ ರಕ್ತಕಣದಲ್ಲಿ ಪರೋಪಜೀವಿ ಕಾಣಿಸಿಕೊಳ್ಳುವ ದಿನಕ್ಕೂ ನಡುವಿನ ಪುಟ ಮಾತ್ರ ಖಾಲಿ ಉಳಿಯಿತು. ಬೀಜಾಣು ನೇರವಾಗಿ ರಕ್ತಕಣವನ್ನು ಹೊಗಲಾರದು, ಎರಡರ ರಚನೆಯೂ ಬೇರೆ, ನಡುವೆ ಇನ್ನೊಂದು ಅವಸ್ಥೆ ಇರಬೇಕು ಎಂದು ಗ್ರಾಸ್ಸಿ ಊಹಿಸಿದರು. ಊಹೆ ಸರಿಯಾಗಿತ್ತು. ಆದರೆ ಅದು ಉಳಿಯಲಿಲ್ಲ.

ಫ್ರಿಟ್ಸ್ ಶೌಡಿನ್ ಜರ್ಮನಿಯ ಪ್ರಾಣಿವಿಜ್ಞಾನಿ. ಏಕಕೋಶ ಜೀವಿಗಳ ಶಾಸ್ತ್ರದಲ್ಲಿ ಆ ಕಾಲದಲ್ಲಿ ಅವರಿಗೆ ಸಮನಾದವರು ವಿರಳ. ಏಡ್ರಿಯಾಟಿಕ್ ಸಮುದ್ರದ ದಂಡೆಯ ರೊವಿನ್ಯೊ ಎಂಬ ಊರಿನಲ್ಲಿ ಅವರು ಕೆಲಸ ಮಾಡುತ್ತಿದ್ದರು. 1903ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ, ಸೊಳ್ಳೆಯಿಂದ ತೆಗೆದ ಬೀಜಾಣುಗಳನ್ನು ರಕ್ತದೊಡನೆ ಬೆರೆಸಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದಾಗ ಬೀಜಾಣುವೊಂದು ಕೆಂಪು ರಕ್ತಕಣದ ಒಳಹೊಕ್ಕದ್ದನ್ನು ಕಂಡೆನೆಂದು ಬರೆದರು. ಕಚ್ಚಿದ ಸೊಳ್ಳೆಯಿಂದ ನೇರವಾಗಿ ರಕ್ತಕಣಕ್ಕೆ! ನಡುವೆ ಯಾವ ಅವಸ್ಥೆಯೂ ಬೇಕಾಗಿಲ್ಲ. ಗ್ರಾಸ್ಸಿ ತಮ್ಮ ಊಹೆಯನ್ನು ಕೈಬಿಟ್ಟರು. ಎರಡು ವರ್ಷಗಳ ಮೇಲೆ, 1905ರಲ್ಲಿ, ಅದೇ ಶೌಡಿನ್ ಹಾಫ್‌ಮನ್ ಎಂಬುವರೊಡಗೂಡಿ ಸಿಫಿಲಿಸ್ ರೋಗದ ಜೀವಾಣುವನ್ನು ಕಂಡುಹಿಡಿದರು. ಅದು ನಿಜವಾದ ಶೋಧ, ಮಹತ್ತ್ವದ ಶೋಧ. ಅಂತಹ ಕಣ್ಣು ಕಂಡದ್ದನ್ನು ಯಾರು ಅಲ್ಲಗಳೆಯಬೇಕು? 1906ರಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ಶೌಡಿನ್ ತೀರಿಕೊಂಡರು. ಅವರ ಮಾತು ಪಠ್ಯಪುಸ್ತಕಗಳನ್ನು ಸೇರಿತು.

ಅವರು ಕಂಡದ್ದನ್ನು ಮತ್ತೊಮ್ಮೆ ಕಾಣಲು ಅನೇಕರು ಪ್ರಯತ್ನಪಟ್ಟರು. ಯಾರಿಗೂ ಕಾಣಲಿಲ್ಲ. ಆದರೂ ‘ನಮಗೆ ಕಾಣಲಿಲ್ಲ’ ಎಂಬುದಕ್ಕೆ ‘ಅವರು ಕಂಡರು’ ಎಂಬುದರಷ್ಟು ತೂಕ ಬರಲಿಲ್ಲ. ತಮ್ಮ ಕೈಚಳಕ ಸಾಲದೆಂದೇ ಹಲವರು ತಮ್ಮನ್ನು ಹಳಿದುಕೊಂಡಿರಬೇಕು. ನಮ್ಮ ಶಾಸ್ತ್ರಗ್ರಂಥಗಳ ಪರಂಪರೆಯಲ್ಲಿಯೂ ಆಪ್ತವಾಕ್ಯಕ್ಕೆ ಪ್ರಮಾಣದ ಸ್ಥಾನವಿದೆ. ಅದರಿಂದ ಆಗುವ ಉಪಕಾರವನ್ನೂ ಅಪಕಾರವನ್ನೂ ನಾವು ಬಲ್ಲೆವು.

ಸಂದೇಹ ಬಂದದ್ದು ಪ್ರಯೋಗಶಾಲೆಯ ಕಡೆಯಿಂದಲ್ಲ, ರೋಗಿಯ ಹಾಸಿಗೆಯ ಕಡೆಯಿಂದ. 1917ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ಎಂಬ ವೈದ್ಯರು, ಸಿಫಿಲಿಸ್ ಮಿದುಳಿಗೇರಿ ಬುದ್ಧಿ ಕೆಟ್ಟವರಿಗೆ ಬೇಕೆಂದೇ ಮಲೇರಿಯಾ ಹತ್ತಿಸಿ, ಆ ಜ್ವರದ ತಾಪದಿಂದ ಹಳೆಯ ರೋಗವನ್ನು ತಗ್ಗಿಸುವ ಚಿಕಿತ್ಸೆಯನ್ನು ಆರಂಭಿಸಿದರು. ಪೆನಿಸಿಲಿನ್ ಬರುವ ತನಕ ಅದು ಅನೇಕ ದೇಶಗಳಲ್ಲಿ ನಡೆಯಿತು. ಕೆಲವರಿಗೆ ರೋಗಿಯ ರಕ್ತವನ್ನು ಚುಚ್ಚಿ ಜ್ವರ ಹತ್ತಿಸುತ್ತಿದ್ದರು, ಕೆಲವರಿಗೆ ಸೊಳ್ಳೆ ಕಚ್ಚಿಸಿ. ಅಲ್ಲೊಂದು ವಿಚಿತ್ರ ಕಂಡುಬಂದಿತು. 1924ರಲ್ಲಿ ಲಿವರ್‌ಪೂಲಿನ ಯಾರ್ಕ್ ಮತ್ತು ಮ್ಯಾಕ್‌ಫೀ ಅದನ್ನು ದಾಖಲಿಸಿದರು. ರಕ್ತದ ಮೂಲಕ ಬಂದ ಮಲೇರಿಯಾ ಕ್ವಿನೈನ್ ಕೊಟ್ಟರೆ ಬೇರುಸಹಿತ ಹೋಗುತ್ತಿತ್ತು. ಸೊಳ್ಳೆ ಕಚ್ಚುವ ಹೊತ್ತಿನಲ್ಲಿ ಕ್ವಿನೈನ್ ಕೊಟ್ಟಿದ್ದರೂ ಸೊಳ್ಳೆಯಿಂದ ಬರುವ ಮಲೇರಿಯಾ ತಡೆಯುತ್ತಿರಲಿಲ್ಲ. ಕ್ವಿನೈನ್ ರಕ್ತಕಣದೊಳಗಿನ ಪರೋಪಜೀವಿಯನ್ನು ಕೊಲ್ಲಬಲ್ಲ ಔಷಧ. ಬೀಜಾಣು ಶೌಡಿನ್ ಹೇಳಿದಂತೆ ನೇರವಾಗಿ ರಕ್ತಕಣವನ್ನು ಹೊಕ್ಕಿದ್ದರೆ ಅಲ್ಲಿಯೇ ಸಾಯಬೇಕಾಗಿತ್ತು. ಸಾಯಲಿಲ್ಲ. ಅಂದರೆ ಔಷಧದ ಕೈಗೆ ಸಿಗದ ಇನ್ನೆಲ್ಲೋ ಅದು ಇತ್ತು.

1937ರಲ್ಲಿ ಎರಡನೆಯ ಸುಳಿವು. ಹಿಂದೆ ಭಾರತದಲ್ಲಿ ವೈದ್ಯಾಧಿಕಾರಿಯಾಗಿದ್ದ ಸಿಡ್ನಿ ಪ್ರೈಸ್ ಜೇಮ್ಸ್, ಟೇಟ್ ಎಂಬುವರೊಡನೆ ಕೋಳಿಗಳ ಮಲೇರಿಯಾವನ್ನು ಪರೀಕ್ಷಿಸಿ, ಪರೋಪಜೀವಿ ರಕ್ತಕಣದ ಹೊರಗೆ ಬೇರೆ ಬಗೆಯ ಜೀವಕೋಶಗಳಲ್ಲಿಯೂ ಬೆಳೆಯುತ್ತದೆಂದು ತೋರಿಸಿದರು. ಹಕ್ಕಿಗಳಲ್ಲಿ ನಿಜವಾದದ್ದು ಮನುಷ್ಯನಲ್ಲಿ ನಿಜವಾಗಬೇಕೆಂದಿಲ್ಲ. ಆದರೂ ಬಾಗಿಲು ಸ್ವಲ್ಪ ತೆರೆಯಿತು.

ಮೂರನೆಯ ಸುಳಿವು ಯುದ್ಧದ ಕೊಡುಗೆ. ಎರಡನೆಯ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡುಗಳಲ್ಲಿ ಶತ್ರುವಿನ ಗುಂಡಿಗಿಂತ ಮಲೇರಿಯಾವೇ ಆಸ್ಟ್ರೇಲಿಯದ ಸೈನಿಕರನ್ನು ಹೆಚ್ಚಾಗಿ ಕೆಡವುತ್ತಿತ್ತು. 1943ರಿಂದ ಕೇರ್ನ್ಸ್ ಎಂಬಲ್ಲಿ ನೀಲ್ ಹ್ಯಾಮಿಲ್ಟನ್ ಫೇರ್ಲಿ ಅವರ ಮೇಲ್ವಿಚಾರಣೆಯಲ್ಲಿ ನೂರಾರು ಸೈನಿಕರು ಸ್ವಯಂಸೇವಕರಾಗಿ ಮುಂದೆ ಬಂದರು. ಸೋಂಕಿದ ಸೊಳ್ಳೆಗಳಿಂದ ಕಚ್ಚಿಸಿಕೊಂಡವರ ರಕ್ತವನ್ನು ಬೇರೆ ಬೇರೆ ಅಂತರಗಳಲ್ಲಿ ತೆಗೆದು ಇತರ ಸ್ವಯಂಸೇವಕರಿಗೆ ಕೊಡಲಾಯಿತು. ಕಚ್ಚಿದ ಅರ್ಧ ಗಂಟೆಯೊಳಗೆ ತೆಗೆದ ರಕ್ತ ಕೊಟ್ಟರೆ ಪಡೆದವರಿಗೆ ಮಲೇರಿಯಾ ಬರುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ ತೆಗೆದ ರಕ್ತ ನಿರಪಾಯಕರ. ಫಾಲ್ಸಿಪಾರಂ ಎಂಬ ಜಾತಿಯಲ್ಲಿ ಸುಮಾರು ಆರು ದಿನ, ವೈವ್ಯಾಕ್ಸ್ ಎಂಬ ಜಾತಿಯಲ್ಲಿ ಸುಮಾರು ಎಂಟು ದಿನ ಕಳೆದ ಮೇಲೆ ರಕ್ತ ಮತ್ತೆ ಅಪಾಯಕಾರಿಯಾಗುತ್ತಿತ್ತು.

ಇಷ್ಟು ನಿಚ್ಚಳವಾದ ಲೆಕ್ಕ ಹಿಂದೆ ಸಿಕ್ಕಿರಲಿಲ್ಲ. ಅರ್ಧ ಗಂಟೆಯಲ್ಲಿ ಬೀಜಾಣು ರಕ್ತವನ್ನು ಬಿಟ್ಟು ಎಲ್ಲಿಗೋ ಹೋಗುತ್ತದೆ, ಒಂದು ವಾರ ಅಲ್ಲಿರುತ್ತದೆ, ಬೇರೆ ವೇಷದಲ್ಲಿ ಹಿಂದಿರುಗುತ್ತದೆ. ಅಜ್ಞಾತವಾಸ ಇದೆಯೆಂಬುದು ಸಿದ್ಧವಾಯಿತು. ವಿರಾಟನಗರಿ ಯಾವುದು ಎಂಬುದೊಂದೇ ಉಳಿಯಿತು.

ಹೆನ್ರಿ ಎಡ್ವರ್ಡ್ ಶಾರ್ಟ್ 1887ರಲ್ಲಿ ಭಾರತದಲ್ಲಿಯೇ ಹುಟ್ಟಿದವರು, ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದವರು. ಮದರಾಸಿನ ಗಿಂಡಿಯ ಕಿಂಗ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಮರಳುನೊಣದ ಕಡಿತದಿಂದ ಕಾಲಾ ಅಜಾರ್ ಹರಡುತ್ತದೆಂಬುದನ್ನು 1942ರಲ್ಲಿ ಸ್ವಾಮಿನಾಥ್ ಮತ್ತು ಆಂಡರ್ಸನ್ ಎಂಬುವರೊಂದಿಗೆ ಸ್ಥಾಪಿಸಿದವರೂ ಅವರೇ. ನಿವೃತ್ತರಾಗಿ ಲಂಡನ್ನಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಪ್ರಾಧ್ಯಾಪಕರಾದಾಗ ಅವರಿಗೆ ಜೊತೆಯಾದವರು ಪಿ. ಸಿ. ಸಿ. ಗಾರ್ನಮ್. ಗಾರ್ನಮ್ ಆಫ್ರಿಕದ ಕೀನ್ಯಾದಲ್ಲಿದ್ದಾಗ ಕೋತಿಗಳ ಯಕೃತ್ತಿನಲ್ಲಿ, ಮಲೇರಿಯಾ ಜೀವಿಯ ದಾಯಾದಿಯಾದ ಇನ್ನೊಂದು ಪರೋಪಜೀವಿ ಬೆಳೆಯುವುದನ್ನು ಕಂಡಿದ್ದರು. ಯಕೃತ್ತನ್ನು ನೋಡಬೇಕೆಂಬ ಬುದ್ಧಿ ಬಂದದ್ದು ಅಲ್ಲಿಂದ. ಅದುವರೆಗೆ ಹುಡುಕಿದವರು ಹಕ್ಕಿಗಳಲ್ಲಿ ಕಂಡದ್ದನ್ನು ನೆನೆದು ಗುಲ್ಮ, ಮಜ್ಜೆ, ಮಿದುಳುಗಳನ್ನು ಶೋಧಿಸುತ್ತಿದ್ದರು.

1948ರ ಆರಂಭದಲ್ಲಿ ಅವರು ಒಂದು ರೀಸಸ್ ಕೋತಿಗೆ ಸುಮಾರು 500 ಸೊಳ್ಳೆಗಳಿಂದ ಕಚ್ಚಿಸಿದರು. ಸಾಲದೆಂದು ಸೊಳ್ಳೆಗಳನ್ನು ಅರೆದು ಚುಚ್ಚುಮದ್ದಿನ ಮೂಲಕವೂ ಕೊಟ್ಟರು. ಅಷ್ಟು ದೊಡ್ಡ ಪ್ರಮಾಣ ಏಕೆಂದರೆ ಒಂದೆರಡು ಸೊಳ್ಳೆ ಬಿಡುವ ಬೀಜಾಣುಗಳು ಬೆರಳೆಣಿಕೆಯವು. ಕೋಟ್ಯಂತರ ಕೋಶಗಳಿರುವ ಯಕೃತ್ತಿನಲ್ಲಿ ಅವುಗಳನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸಾಸಿವೆಕಾಳನ್ನು ಹುಡುಕಿದಂತೆ. ಏಳನೆಯ ದಿನ ಕೋತಿಯನ್ನು ಕೊಂದು ಯಕೃತ್ತಿನ ತೆಳುಪದರಗಳನ್ನು ಬಣ್ಣಕಟ್ಟಿ ನೋಡಿದಾಗ, ಯಕೃತ್ತಿನ ಕೋಶಗಳ ಒಳಗೆ, ದುಂಡಗೆ ಬೆಳೆದು ನೂರಾರು ಮರಿಗಳನ್ನು ತುಂಬಿಕೊಂಡ ಪರೋಪಜೀವಿ ಕಂಡಿತು. ಅದೇ ವರ್ಷ, ಭಾರತದ ಮಲೇರಿಯಾ ಸಂಸ್ಥೆಯ ನಿರ್ದೇಶಕರಾಗಿದ್ದ ಗಾರ್ಡನ್ ಕೊವೆಲ್ ಮತ್ತು ಸೊಳ್ಳೆ ಸಾಕುವುದರಲ್ಲಿ ನಿಷ್ಣಾತರಾದ ಶೂಟ್ ಅವರ ನೆರವಿನಿಂದ, ಮಾನವ ಸ್ವಯಂಸೇವಕರೊಬ್ಬರ ಯಕೃತ್ತಿನ ಸಣ್ಣ ಚೂರನ್ನು ಶಸ್ತ್ರಕ್ರಿಯೆಯಿಂದ ತೆಗೆದು, ವೈವ್ಯಾಕ್ಸ್ ಮಲೇರಿಯಾವೂ ಅಲ್ಲಿಯೇ ಅಡಗುತ್ತದೆಂದು ತೋರಿಸಿದರು. ಶೌಡಿನ್ ಅವರ ಮಾತಿಗೆ ಆಗ 45 ವರ್ಷ ವಯಸ್ಸಾಗಿತ್ತು.

ಅಡಗುತಾಣ ಸಿಕ್ಕಿತು. ಮುಂದಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಕಾಲಿಲ್ಲದ, ಈಜುವ ಬಾಲವೂ ಇಲ್ಲದ ಈ ಜೀವಿ ಅಲ್ಲಿಗೆ ತಲುಪುವುದು ಹೇಗೆ? ಮುಚ್ಚಿದ ಕೋಶದ ಒಳಹೊಗುವುದು ಹೇಗೆ?

ಬೀಜಾಣುವಿನ ಉದ್ದ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು. ಸೊಳ್ಳೆ ಅದನ್ನು ಬಹುಮಟ್ಟಿಗೆ ರಕ್ತನಾಳಕ್ಕೆ ಬಿಡುವುದಿಲ್ಲ, ಚರ್ಮದ ಪದರಕ್ಕೆ ಬಿಡುತ್ತದೆ ಎಂಬುದು ಈ ಶತಮಾನದಲ್ಲಿ ಜೀವಂತ ಇಲಿಗಳ ಚರ್ಮದಲ್ಲಿ ಮಿನುಗುವ ಬೀಜಾಣುಗಳನ್ನು ಹಿಂಬಾಲಿಸಿ ನೋಡಿದ ಮೇಲೆ ಸ್ಪಷ್ಟವಾಗಿದೆ. ಚರ್ಮದಲ್ಲಿ ಅದು ಜಾರುತ್ತ ಅಲೆಯುತ್ತದೆ, ಸೆಕೆಂಡಿಗೆ ಒಂದೆರಡು ಮೈಕ್ರಾನ್ ವೇಗದಲ್ಲಿ. ಈ ಜಾರುನಡೆಯ ಗುಟ್ಟನ್ನು ಹೊಳೆ ದಾಟಿಸುವ ಅಂಬಿಗನನ್ನು ನೆನೆದರೆ ತಿಳಿಯಬಹುದು. ಅವನು ದೋಣಿಯ ಮುಂದಿನ ತುದಿಯಲ್ಲಿ ನಿಂತು ಉದ್ದನೆಯ ಬಿದಿರುಕೋಲನ್ನು ಹೊಳೆಯ ತಳಕ್ಕೆ ಊರುತ್ತಾನೆ, ಕೋಲನ್ನು ಹಿಡಿದು ಹಿಂದಿನ ತುದಿಯ ಕಡೆಗೆ ನಡೆಯುತ್ತಾನೆ. ದೋಣಿ ಮುಂದಕ್ಕೆ ಸರಿಯುತ್ತದೆ. ಬೀಜಾಣುವೂ ತನ್ನ ಮೂತಿಯಿಂದ ಅಂಟುಗುಣದ ಪ್ರೋಟೀನುಗಳನ್ನು ಹೊರಸೂಸಿ ಎದುರಿನ ನೆಲಕ್ಕೆ ಊರುತ್ತದೆ. ಅದರ ಚರ್ಮದ ಕೆಳಗೆ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನುಗಳ ಯಂತ್ರವಿದೆ. ನಮ್ಮ ಸ್ನಾಯುಗಳನ್ನು ಎಳೆಯುವುದೂ ಆ ಕುಲದವೇ. ಆ ಯಂತ್ರ ಅಂಟನ್ನು ಹಿಂದಕ್ಕೆ ಎಳೆಯುತ್ತದೆ, ಮೈ ಮುಂದಕ್ಕೆ ಜಾರುತ್ತದೆ. ಬಾಲದ ತುದಿ ಬಂದಾಗ ಅಂಟನ್ನು ಕತ್ತರಿಸಿ ಬಿಟ್ಟುಬಿಡುತ್ತದೆ.

ಹೀಗೆ ರಕ್ತನಾಳವನ್ನು ಸೇರಿ ಯಕೃತ್ತಿಗೆ ಬಂದ ಬೀಜಾಣು ಮೊದಲು ಸಿಕ್ಕಿದ ಕೋಶದಲ್ಲಿ ನೆಲೆಸುವುದಿಲ್ಲ. ಒಂದರ ಗೋಡೆಯನ್ನು ಹರಿದು ಒಳಹೊಕ್ಕು, ಇನ್ನೊಂದು ಕಡೆಯಿಂದ ಹೊರಬಿದ್ದು, ಹಾಗೆಯೇ ಹಲವು ಕೋಶಗಳನ್ನು ಹಾಯ್ದುಹೋಗುತ್ತದೆ. ಕೊನೆಗೆ ಒಂದು ಕೋಶದಲ್ಲಿ ಮಾತ್ರ ಅದರ ನಡವಳಿಕೆ ಬದಲಾಗುತ್ತದೆ. ಅಲ್ಲಿ ಗೋಡೆಯನ್ನು ಹರಿಯುವುದಿಲ್ಲ. ಆತಿಥೇಯ ಕೋಶದ ಪೊರೆಯನ್ನೇ ಒಳಕ್ಕೆ ಮಡಿಸಿಕೊಂಡು, ಆ ಮಡಿಕೆಯ ಚೀಲದೊಳಗೆ ತಾನು ಕುಳಿತುಬಿಡುತ್ತದೆ. ಹೊರಗಿನ ಗೋಡೆ ಎಲ್ಲಿಯೂ ಒಡೆದಿಲ್ಲ. ಅತಿಥಿ ಮಾತ್ರ ಒಳಗಿದ್ದಾನೆ. ಆ ಚೀಲದೊಳಗೆ ಒಂದು ವಾರದಲ್ಲಿ ಒಂದು ಬೀಜಾಣು ಹತ್ತಾರು ಸಾವಿರ ಮರಿಗಳಾಗುತ್ತದೆ. ಆ ಮರಿಗಳು ರಕ್ತಕ್ಕೆ ಹೊರಡುವಾಗಲೂ ಆತಿಥೇಯ ಕೋಶದ ಪೊರೆಯನ್ನೇ ಹೊದ್ದ ಗಂಟುಗಳಾಗಿ ಹೊರಡುತ್ತವೆಂದು 2006ರಲ್ಲಿ ತಿಳಿದುಬಂದಿತು. ಕಾವಲಿನ ಬಿಳಿಯ ಕಣಗಳ ಕಣ್ಣಿಗೆ ಅದು ಮನೆಯವರದೇ ವೇಷ.

ರಕ್ತಕ್ಕೆ ಬಂದ ಮರಿ ಕೆಂಪು ಕಣವನ್ನು ಹೊಗುವುದನ್ನು 1975ರಲ್ಲಿ ಅಮೆರಿಕದ ಡ್ವೊರಾಕ್, ಮಿಲ್ಲರ್ ಮತ್ತು ಸಂಗಡಿಗರು ಕೋತಿಯ ಮಲೇರಿಯಾದಲ್ಲಿ ಚಲಚ್ಚಿತ್ರವಾಗಿ ಹಿಡಿದರು. ಶೌಡಿನ್ ನೋಡಿದೆನೆಂದ ದೃಶ್ಯಕ್ಕೆ ಹತ್ತಿರವಾದದ್ದು ಜಗತ್ತಿಗೆ ನಿಜವಾಗಿ ಕಂಡದ್ದು ಆಗ. ಒಳಹೊಕ್ಕದ್ದು ಬೀಜಾಣುವಲ್ಲ, ಯಕೃತ್ತಿನ ಅನಂತರದ ತಲೆಮಾರು. ಮರಿ ಕೆಂಪು ಕಣಕ್ಕೆ ಅಂಟುತ್ತದೆ, ಕಣದ ಮೈ ಅಲುಗಿ ಕುಗ್ಗುತ್ತದೆ, ಮರಿ ತಿರುಗಿ ತನ್ನ ಮೂತಿಯನ್ನು ಕಣದ ಕಡೆಗೆ ಮಾಡುತ್ತದೆ, ಅರ್ಧ ನಿಮಿಷದ ಆಸುಪಾಸಿನಲ್ಲಿ ಒಳಗಿರುತ್ತದೆ. ಕೆಂಪು ಕಣ ಏನನ್ನೂ ನುಂಗುವ ಜಾತಿಯದಲ್ಲ. ಎಲ್ಲ ಕೆಲಸವನ್ನೂ ಹೊಗುವವನೇ ಮಾಡಬೇಕು. 1978ರಲ್ಲಿ ಐಕಾವಾ ಎಂಬುವರು ವಿದ್ಯುತ್ ಸೂಕ್ಷ್ಮದರ್ಶಕದಿಂದ, ಮರಿಯ ಮೈಗೂ ಕಣದ ಪೊರೆಗೂ ನಡುವೆ ಉಂಗುರದಂತಹ ಒಂದು ಬಿಗಿಯಾದ ಬೆಸುಗೆಯನ್ನು ಕಂಡರು. ಮರಿ ಒಳಸರಿದಂತೆ ಆ ಉಂಗುರ ಮೂತಿಯಿಂದ ಬಾಲಕ್ಕೆ ಜಾರುತ್ತದೆ, ಕೊನೆಗೆ ಚೀಲದ ಬಾಯಿ ಕಟ್ಟಿದಂತೆ ಮುಚ್ಚಿಕೊಳ್ಳುತ್ತದೆ.

ಆ ಉಂಗುರದ ಹಿಡಿ ಯಾವುದು ಎಂಬುದು ತಿಳಿದದ್ದು ಇನ್ನೂ ಈಚೆಗೆ. ಆತಿಥೇಯನ ಗೋಡೆಯಲ್ಲಿ ಹಿಡಿಯಲು ಆಸರೆ ಸಿಗುವುದೇ ಎಂದು ಪರೋಪಜೀವಿ ಕಾಯುವುದಿಲ್ಲ. ತನ್ನದೇ ಪ್ರೋಟೀನೊಂದನ್ನು ಆ ಗೋಡೆಯೊಳಗೆ ಗೂಟದಂತೆ ಹೊಡೆಯುತ್ತದೆ; ತನ್ನ ಮೈಮೇಲಿನ ಇನ್ನೊಂದು ಪ್ರೋಟೀನಿನಿಂದ ಅದೇ ಗೂಟವನ್ನು ಹಿಡಿದು ತನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪರರ ಮನೆಗೆ ಹೊರಟವನು ಬಾಗಿಲ ಹಿಡಿಯನ್ನೂ ತಾನೇ ತಂದಿರುತ್ತಾನೆ. ಹಾಗೆಂದು ಎಲ್ಲ ಗೋಡೆಗೂ ಗೂಟ ಹೊಡೆಯಲಾಗುವುದಿಲ್ಲ. ಮೊದಲ ಗುರುತು ಹಿಡಿಯಲು ಕಣದ ಮೈಮೇಲೆ ಕೆಲವು ಚಿಹ್ನೆಗಳು ಬೇಕು. ಪಶ್ಚಿಮ ಆಫ್ರಿಕದ ಬಹುಪಾಲು ಜನರ ರಕ್ತಕಣಗಳಲ್ಲಿ ಡಫಿ ಎಂಬ ಚಿಹ್ನೆ ಇಲ್ಲ. ಅವರಿಗೆ ವೈವ್ಯಾಕ್ಸ್ ಮಲೇರಿಯಾ ಬಹುಮಟ್ಟಿಗೆ ತಗಲದಿರುವುದಕ್ಕೆ ಅದೇ ಕಾರಣವೆಂದು ಮಿಲ್ಲರ್ 1976ರಲ್ಲಿ ತೋರಿಸಿದರು.

ಇನ್ನೊಂದು ಒಗಟು ಉಳಿದಿತ್ತು. ರೋಗಿ ಗುಣವಾಗುತ್ತಾನೆ, ಸೊಳ್ಳೆ ಮತ್ತೆ ಕಚ್ಚದಿದ್ದರೂ ತಿಂಗಳುಗಳ ಮೇಲೆ ವೈವ್ಯಾಕ್ಸ್ ಮಲೇರಿಯಾ ಮರುಕಳಿಸುತ್ತದೆ. 1900ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್, ಸೊಳ್ಳೆಯ ಸಿದ್ಧಾಂತವನ್ನು ಜನರಿಗೆ ತೋರಿಸಲು ರೋಮಿನಿಂದ ತರಿಸಿದ ಸೊಳ್ಳೆಗಳಿಂದ ತಮ್ಮ ಮಗನಿಗೇ ಕಚ್ಚಿಸಿದ್ದರು. ಆ ತರುಣನಿಗೂ ಕೆಲವು ತಿಂಗಳ ಮೇಲೆ ಜ್ವರ ಮರುಕಳಿಸಿತು. ಕಾರಣ ತಿಳಿದದ್ದು 1980ರಲ್ಲಿ. ಕ್ರೊಟೊಸ್ಕಿ, ಗಾರ್ನಮ್ ಮತ್ತು ಸಂಗಡಿಗರು ಕೋತಿಯ ಯಕೃತ್ತಿನಲ್ಲಿ, ಬೆಳೆಯದೆ, ಒಡೆಯದೆ, ಒಂದೇ ನ್ಯೂಕ್ಲಿಯಸ್ ಇಟ್ಟುಕೊಂಡು ಮಲಗಿದ್ದ ಪರೋಪಜೀವಿಗಳನ್ನು ಕಂಡರು. 32 ವರ್ಷಗಳ ಹಿಂದೆ ಇದೇ ಅಡಗುತಾಣವನ್ನು ತೋರಿಸಿದ ಗಾರ್ನಮ್ ಅದರ ಒಳಕೋಣೆಯನ್ನೂ ತೋರಿಸಲು ಉಳಿದಿದ್ದರು. ಶಾರ್ಟ್ ಅವರೂ ಆಗ ಬದುಕಿದ್ದರು. ನೂರು ವರ್ಷ ತುಂಬಿಸಿ 1987ರಲ್ಲಿ ತೀರಿಕೊಂಡರು.

ಇದು ಪುಸ್ತಕದ ಮಾತಷ್ಟೇ ಅಲ್ಲ. ವೈವ್ಯಾಕ್ಸ್ ಮಲೇರಿಯಾ ಬಂದವರಿಗೆ ಜ್ವರ ಇಳಿದ ಮೇಲೂ ಹದಿನಾಲ್ಕು ದಿನ ಪ್ರೈಮಾಕ್ವಿನ್ ಗುಳಿಗೆ ನುಂಗಲು ವೈದ್ಯರು ಹೇಳುತ್ತಾರೆ. ಮೈ ಹಗುರವಾಯಿತು, ಇನ್ನೇಕೆ ಗುಳಿಗೆ ಎಂದು ನಾಲ್ಕನೆಯ ದಿನವೇ ಬಿಟ್ಟುಬಿಡುವವರು ಎಷ್ಟೋ ಮಂದಿ. ರಕ್ತದಲ್ಲಿದ್ದವು ಸತ್ತಿರುತ್ತವೆ, ಯಕೃತ್ತಿನಲ್ಲಿ ನಿದ್ರಿಸುತ್ತಿರುವವು ಸತ್ತಿರುವುದಿಲ್ಲ. ಆ ಹದಿನಾಲ್ಕು ದಿನಗಳ ಗುಳಿಗೆ ನಿದ್ರಿಸುವವರಿಗಾಗಿ. ದೇಶಕ್ಕೂ ಇದೇ ಪಾಠ ಇನ್ನೊಂದು ರೀತಿಯಲ್ಲಿ ಆಯಿತು. 1940ರ ದಶಕದ ನಡುವೆ ಅಂದಿನ ಮುಂಬಯಿ ಪ್ರಾಂತದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ವಿಶ್ವನಾಥನ್ ಅವರು ಮನೆಗೋಡೆಗಳಿಗೆ ಡಿಡಿಟಿ ಹೊಡೆಸಿ ಮಲೇರಿಯಾವನ್ನು ತಗ್ಗಿಸಿದರು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಹೊರಟಿತು. 1961ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 50 ಸಾವಿರಕ್ಕೆ ಇಳಿಯಿತು. ಗೆದ್ದೆವೆಂದು ಕೈಚೆಲ್ಲಿ ಕುಳಿತೆವು. 1976ರಲ್ಲಿ ಅದು 64 ಲಕ್ಷಕ್ಕೆ ಏರಿತು.

ಅಡಗುತಾಣದ ದಾರಿ ತಿಳಿದದ್ದರಿಂದ ಇನ್ನೊಂದು ಆಸೆ ಹುಟ್ಟಿತು. ಕಚ್ಚಿದ ಜಾಗದಿಂದ ಯಕೃತ್ತಿಗೆ ಹೋಗುವ ದಾರಿಯಲ್ಲಿಯೇ ಬೀಜಾಣುವನ್ನು ತಡೆಯಬಾರದೇಕೆ? 1967ರಲ್ಲಿ ರೂತ್ ನುಸೆನ್‌ಸ್ವೈಗ್ ಮತ್ತು ಸಂಗಡಿಗರು, ವಿಕಿರಣದಿಂದ ಬಲಗುಂದಿಸಿದ ಬೀಜಾಣುಗಳನ್ನು ಚುಚ್ಚಿದ ಇಲಿಗಳಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುವುದನ್ನು ಕಂಡರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು, 2023ರಲ್ಲಿ ಇನ್ನೊಂದು ಲಸಿಕೆಯನ್ನು ಮಕ್ಕಳಿಗೆ ಶಿಫಾರಸು ಮಾಡಿತು. ಎರಡೂ ಶರೀರಕ್ಕೆ ಗುರುತು ಹಿಡಿಸುವುದು ಬೀಜಾಣುವಿನ ಹೊರಮೈಯ ಒಂದೇ ಪ್ರೋಟೀನನ್ನು. ಎರಡನೆಯದು ಪುಣೆಯಲ್ಲಿ ತಯಾರಾಗುತ್ತದೆ. ಅವು ಪೂರ್ಣ ಕವಚವಲ್ಲ. 2023ರಲ್ಲಿಯೂ ಜಗತ್ತಿನಲ್ಲಿ ಸುಮಾರು ಆರು ಲಕ್ಷ ಜನ ಈ ರೋಗದಿಂದ ಸತ್ತರು. ಅವರಲ್ಲಿ ಹೆಚ್ಚಿನವರು ಆಫ್ರಿಕದ ಎಳೆಯ ಮಕ್ಕಳು.

ಶೌಡಿನ್ ಸುಳ್ಳುಗಾರರಾಗಿರಲಿಲ್ಲ. ಕಾಣಬೇಕೆಂದು ಕಾತರಿಸಿದ ಕಣ್ಣಿಗೆ ಅವರು ಕಂಡೆನೆಂದದ್ದು ಕಂಡಿತು. ತಪ್ಪು ಒಬ್ಬರದು, ಅದನ್ನು ನಲವತ್ತೈದು ವರ್ಷ ಕಾದಿಟ್ಟದ್ದು ಉಳಿದವರ ವಿನಯ. ಅದನ್ನು ತಿದ್ದಿದ್ದಕ್ಕೆ ಶಾರ್ಟ್, ಗಾರ್ನಮ್ ಎಂಬ ಹೆಸರುಗಳು ಉಳಿದಿವೆ. ಕೇರ್ನ್ಸಿನಲ್ಲಿ ತೋಳು ಚಾಚಿದ ಸೈನಿಕರು, ಯಕೃತ್ತಿನ ಚೂರನ್ನು ಕೊಟ್ಟ ಆ ಒಬ್ಬರು, ತಮಗೆ ಏನಾಗುತ್ತಿದೆಯೆಂದು ತಿಳಿಯದೆಯೇ ಜ್ವರದ ಚಿಕಿತ್ಸೆಗೆ ಒಳಗಾದ ಬುದ್ಧಿ ಕೆಟ್ಟವರು, ಇವರೆಲ್ಲ ಗ್ರಂಥಗಳಲ್ಲಿ ‘ಸ್ವಯಂಸೇವಕ’, ‘ರೋಗಿ’ ಎಂಬ ಪದಗಳಾಗಿ ಉಳಿದಿದ್ದಾರೆ. ನಮ್ಮ ನೆರೆಯ ಸಿಕಂದರಾಬಾದಿನ ಹುಸೇನ್ ಖಾನ್ ಅವರ ಹೆಸರಾದರೂ ಉಳಿದಿದೆ. ಸೊಳ್ಳೆಯೊಂದಕ್ಕೆ ಒಂದು ಆಣೆ.